ಗಾಳಿಯ ಹಾದಿ ನೋಡಿ, ಆಮೇಲೆ ನೀರು ನೋಡಿ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಸೇಡಂ, ಚಿತ್ತಾಪುರ ಕಡೆಯ ಹಿರಿಯ ರೈತರನ್ನು ಕೇಳಿದರೆ, ಈ ಗಾದೆ ಹೇಳದೆ ಬಿಟ್ಟ ಇನ್ನೊಂದು ಮಾತನ್ನು ಅವರು ಸೇರಿಸುತ್ತಾರೆ. ಗಾಳಿ ಬಂದಾಗ ತೂರಿಕೊಳ್ಳಬೇಕಾದರೆ ಕಣವನ್ನು ಮೊದಲೇ ಗಾಳಿ ಬರುವ ಜಾಗದಲ್ಲಿ ಮಾಡಿರಬೇಕು. ಬೇವಿನ ಮರದ ಮಗ್ಗುಲಲ್ಲೋ ಮನೆಯ ಗೋಡೆಯ ಹಿಂದೆಯೋ ಕಣ ಮಾಡಿದರೆ ತೊಗರಿಯ ಹೊಟ್ಟು ತಿರುಗಿ ಕಾಳಿನ ಮೇಲೆಯೇ ಬೀಳುತ್ತದೆ. ರಾಶಿ ಮಾಡುವ ಯಂತ್ರಗಳು ಬಂದ ಮೇಲೆ ತೂರುವ ಕೆಲಸ ಕಡಿಮೆಯಾಗಿದೆ. ಆದರೆ ಗಾಳಿಯ ಜಾಗ ಗುರುತಿಸುವ ಆ ಜಾಣ್ಮೆ ಮಾತ್ರ ಹಳೆಯದಾಗಿಲ್ಲ. ಅದನ್ನೇ ಈ ಲೇಖನದಲ್ಲಿ ಕಣದಿಂದ ಕೆರೆಗೆ ಒಯ್ಯುತ್ತಿದ್ದೇವೆ.

ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಸಿಕಂದರಾಬಾದಿಗೆ ರೈಲು ಓಡತೊಡಗಿದ್ದು 1874ರಲ್ಲಿ. 1956ರವರೆಗೆ ಈ ಸೀಮೆಯೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಅಂದಿನಿಂದ ಇಂದಿನವರೆಗೂ ಓದಿಗೆ, ನೌಕರಿಗೆ, ಆಸ್ಪತ್ರೆಗೆ, ವ್ಯಾಪಾರಕ್ಕೆ ನಮ್ಮ ಜನ ಹತ್ತುವುದು ಅದೇ ದಾರಿಯ ರೈಲನ್ನು. ಹಾಗೆ ಹೋಗಿ ನೆಲೆಸಿದ ಯುವಕ ಯುವತಿಯರು ಮಳೆಗಾಲದ ಒಂದು ಸಂಜೆ ಟ್ಯಾಂಕ್ ಬಂಡ್ ಮೇಲೆ ನಿಂತರೆ, ಹುಸೇನ್ ಸಾಗರದ ನೀರಿನ ಮೇಲೆ ಬಿಳಿಯ ಹಾಯಿಗಳು ಓಡಾಡುವುದನ್ನು ಕಾಣಬಹುದು. ಆಗ ಮನಸ್ಸಿನಲ್ಲಿ ಪ್ರಶ್ನೆಗಳು ಏಳುವುದು ಸಹಜ. ನಾವೂ ಕಲಿಯಬಹುದೆ? ಯಾವ ಕೆರೆಯಲ್ಲಿ? ರಜೆಗೆ ಊರಿಗೆ ಬಂದಾಗ ನಮ್ಮ ನೀರಿನಲ್ಲೂ ಆಡಬಹುದೆ? ಕೊನೆಯ ಪ್ರಶ್ನೆಗೆ ತಪ್ಪು ಉತ್ತರ ಕಂಡುಕೊಂಡರೆ ಜೀವಕ್ಕೇ ಸಂಚಕಾರ. ಆದ್ದರಿಂದ ವಿಷಯವನ್ನು ಮೂಲದಿಂದಲೇ ನೋಡೋಣ.

ಹಾಯಿಹಲಗೆ ಎಂದರೇನು?

ಇಂಗ್ಲಿಷಿನಲ್ಲಿ ವಿಂಡ್‌ಸರ್ಫಿಂಗ್ ಎನ್ನುವ ಈ ಆಟದ ಸಲಕರಣೆಯನ್ನು ನಾವು ಹಾಯಿಹಲಗೆ ಎಂದು ಕರೆಯೋಣ. ಆಟಗಾರ ನಿಲ್ಲಲು ಒಂದು ಉದ್ದನೆಯ ಹಲಗೆ, ಅದರ ಮೇಲೆ ಒಂದು ಕಂಬ, ಕಂಬಕ್ಕೆ ತ್ರಿಕೋನದ ಹಾಯಿ, ಹಾಯಿಯನ್ನು ಹಿಡಿಯಲು ಎದೆಯ ಮಟ್ಟದಲ್ಲಿ ಒಂದು ಅಡ್ಡ ಹಿಡಿ, ಹಲಗೆಯ ಅಡಿಯಲ್ಲಿ ಮೀನಿನ ರೆಕ್ಕೆಯಂಥ ಒಂದು ಪಟ್ಟಿ. ಇದಿಷ್ಟೇ ಸಾಮಗ್ರಿ. ಇದಕ್ಕೆ ಚುಕ್ಕಾಣಿ ಇಲ್ಲ. ಕಂಬವನ್ನು ಹಲಗೆಗೆ ಬಿಗಿಯಾಗಿ ನೆಟ್ಟಿರುವುದಿಲ್ಲ. ಎಲ್ಲ ದಿಕ್ಕಿಗೂ ಬಾಗುವ ಕೀಲಿನ ಮೇಲೆ ನಿಲ್ಲಿಸಿರುತ್ತಾರೆ. ಹಾಯಿಯನ್ನು ಮುಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿಯಿಂದ ಆಚೆಗೆ ಹೊರಳುತ್ತದೆ. ಹಿಂದಕ್ಕೆ ಬಾಗಿಸಿದರೆ ಗಾಳಿ ಬರುವ ಕಡೆಗೆ ತಿರುಗುತ್ತದೆ.

ಇದು ಸಮುದ್ರದವರ ಆಟ, ನಮಗೇಕೆ ಎಂದು ಕೆಲವರು ಕೇಳಬಹುದು. ಅಮೆರಿಕದ ನ್ಯೂಮನ್ ಡಾರ್ಬಿ 1964ರಲ್ಲಿ ಇಂಥದೊಂದು ಹಲಗೆಯನ್ನು ರೂಪಿಸಿದ್ದು ಸಮುದ್ರದಿಂದ ದೂರದ ಪೆನ್ಸಿಲ್ವೇನಿಯಾದಲ್ಲಿ. ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ 1968ರಲ್ಲಿ ತಮ್ಮ ವಿನ್ಯಾಸಕ್ಕೆ ಪೇಟೆಂಟ್ ಕೋರಿದ ಮೇಲೆ ಆಟ ಜಗತ್ತಿಗೆ ಹರಡಿತು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಪುರುಷರಿಗೂ 1992ರ ಬಾರ್ಸಿಲೋನಾದಲ್ಲಿ ಮಹಿಳೆಯರಿಗೂ ಸ್ಪರ್ಧೆ ನಡೆಯಿತು. ನಮ್ಮ ದೇಶದ ಈಬಾದ್ ಅಲಿ, 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಹಾಯಿಹಲಗೆಯಲ್ಲಿ ಕಂಚು ಗೆದ್ದರು. ಅದೇ ಕೂಟದಲ್ಲಿ ಹಾಯಿದೋಣಿಯಲ್ಲಿ ಬೆಳ್ಳಿ ಪಡೆದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಕಡೆಯ ಹುಡುಗಿ. ಆಕೆ ಕಲಿತದ್ದು ಭೋಪಾಲದ ಕೆರೆಯಲ್ಲಿ. ಕಡಲು ಕಾಣದ ನಾಡಿನವರಿಗೂ ಈ ವಿದ್ಯೆ ಒಲಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಒಂದು ಮಾತನ್ನು ಇಲ್ಲಿಯೇ ನೆನಪಿಡಬೇಕು. ಹಾಯಿ ಕಟ್ಟಿದ ಯಾವ ವಾಹನವೂ ಗಾಳಿ ಬರುವ ದಿಕ್ಕಿಗೆ ನೇರವಾಗಿ ಸಾಗಲಾರದು. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಅಂಕುಡೊಂಕಾಗಿ ಮೇಲೇರಬೇಕು. ಹೊಸಬರಿಗೆ ಇದು ಮೊದಲ ದಿನವೇ ಬರುವ ವಿದ್ಯೆಯಲ್ಲ. ಗಾಳಿಯ ಜೊತೆ ದೂರ ಹೋದವರಿಗೆ ಹಿಂದಿರುಗಿ ಬರುವುದೇ ಕಷ್ಟ.

ಗಾಳಿಯ ಲೆಕ್ಕ

ಹಾಯಿಯ ಮೇಲೆ ಬೀಳುವ ಬಲವು ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 10 ಕಿ.ಮೀ. ಇದ್ದ ಗಾಳಿ 20 ಆದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 30 ಆದರೆ ಒಂಬತ್ತು ಪಟ್ಟು. ‘ಸ್ವಲ್ಪ ಗಾಳಿ ಜಾಸ್ತಿಯಾಯಿತು’ ಎಂದು ದಡದಲ್ಲಿ ನಿಂತವರಿಗೆ ಅನಿಸುವುದು, ಹಾಯಿ ಹಿಡಿದ ತೋಳುಗಳಿಗೆ ಬೇರೆಯೇ ಆಗಿ ತಿಳಿಯುತ್ತದೆ.

ಅಳೆಯಲು ಉಪಕರಣ ಬೇಕೇಬೇಕೆಂದಿಲ್ಲ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ರೂಪಿಸಿದ ಅಳತೆಪಟ್ಟಿಯನ್ನು ಮುಂದೆ ನೆಲದ ಗುರುತುಗಳಿಗೂ ಹೊಂದಿಸಿದರು. ಮರದ ಎಲೆಗಳು ಬಿಡದೆ ಆಡುತ್ತಾ, ಸಣ್ಣ ಬಾವುಟ ಬಿಚ್ಚಿಕೊಂಡು ನಿಂತರೆ ಗಾಳಿ ಗಂಟೆಗೆ 12ರಿಂದ 19 ಕಿ.ಮೀ. ದೂಳೂ ಕಾಗದದ ಚೂರುಗಳೂ ಎದ್ದು, ಸಣ್ಣ ಕೊಂಬೆಗಳು ಅಲುಗಿದರೆ 20ರಿಂದ 28. ಚಿಕ್ಕ ಮರಗಳೇ ತೂಗಾಡಿ, ಕೆರೆಯ ನೀರಿನಲ್ಲಿ ನೊರೆಗಟ್ಟಿದ ಅಲೆಗಳು ಎದ್ದರೆ 29ರಿಂದ 38. ಕಲಿಯುವವರಿಗೆ ಮೊದಲನೆಯದು ಸಾಕು, ಅದರಲ್ಲೂ ಅದರ ಕೆಳಗಿನ ಅಂಚು ಒಳ್ಳೆಯದು. ಎರಡನೆಯದು ಕಲಿತವರಿಗೆ. ಮೂರನೆಯದನ್ನು ಕಂಡರೆ ಹೊಸಬರು ದಡದಲ್ಲಿ ಕುಳಿತು ನೋಡುವುದೇ ಲೇಸು.

ದಿಕ್ಕು ತಿಳಿಯಲು ನಮ್ಮ ಕಡೆ ಇನ್ನೊಂದು ಅನುಕೂಲವಿದೆ. ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳ ಚಿಮಣಿಯಿಂದ ಏಳುವ ಹೊಗೆ ಎತ್ತ ಬಾಗಿದೆಯೋ ಅತ್ತ ಗಾಳಿ ಹೋಗುತ್ತಿದೆ. ಆದರೆ ಅದು ಮೇಲಿನ ಗಾಳಿ. ನೀರಿನ ಮಟ್ಟದಲ್ಲಿ ಏನಿದೆ ಎಂಬುದು ಬೇರೆ ವಿಚಾರ. ಅಲ್ಲಿಗೇ ಬರೋಣ.

ಅಡ್ಡ ನಿಂತವರು ಯಾರು?

ಹೊಸ ಊರಿಗೆ ಹೋದವರು ಸಾಮಾನ್ಯವಾಗಿ ಕೆರೆ ಎಷ್ಟು ದೊಡ್ಡದು, ನೀರು ಎಷ್ಟು ಚೆನ್ನಾಗಿದೆ ಎಂದು ನೋಡುತ್ತಾರೆ. ಹಾಯಿಹಲಗೆಯವರು ಮೊದಲು ನೋಡಬೇಕಾದದ್ದು ನೀರನ್ನಲ್ಲ. ಗಾಳಿ ಬರುವ ಕಡೆಯ ದಡದಲ್ಲಿ ಏನು ನಿಂತಿದೆ ಎಂಬುದನ್ನು. ಗೋಡೆ, ಮರಗಳ ಸಾಲು, ಕಟ್ಟಡ, ಗುಡ್ಡ ಇವು ಯಾವುದೇ ಆಗಲಿ, ಅದರ ಎತ್ತರದ ಸುಮಾರು 20 ಪಟ್ಟು ದೂರದವರೆಗೆ ಗಾಳಿ ಕೆಟ್ಟಿರುತ್ತದೆ. ಕೆಟ್ಟಿರುತ್ತದೆ ಎಂದರೆ ವೇಗ ಕಡಿಮೆಯಾಗುವುದಷ್ಟೇ ಅಲ್ಲ. ಸುಳಿ ಸುಳಿಯಾಗಿ, ಒಮ್ಮೆ ನಿಂತು ಒಮ್ಮೆ ನುಗ್ಗಿ, ದಿಕ್ಕು ಬದಲಿಸುತ್ತಾ ಬರುತ್ತದೆ. 10 ಮೀಟರ್ ಎತ್ತರದ ಮರಗಳ ಸಾಲಿದ್ದರೆ ಅದರ ಹಿಂದೆ 200 ಮೀಟರ್ ನೀರು ಹೊಸಬರಿಗೆ ಉಪಯೋಗವಿಲ್ಲ. ಒಂಟಿ ಕಂಬದಂಥದು ಅಷ್ಟು ದೂರ ತೊಂದರೆ ಕೊಡದು. ಗೋಡೆಯಂತೆ ಉದ್ದಕ್ಕೆ ನಿಂತದ್ದು ಕೊಡುತ್ತದೆ.

ದೂರದರ್ಶನದವರಾದ ನಮಗೆ ಇದರ ಪರಿಚಯ ಇನ್ನೊಂದು ಕಡೆಯಿಂದ ಆಗಿದೆ. ಹೊರಾಂಗಣ ಚಿತ್ರೀಕರಣದಲ್ಲಿ ಮೈಕಿಗೆ ಗಾಳಿ ಬಡಿದರೆ ಮಾತೇ ಕೇಳಿಸದು. ಹಾಗಾಗಿ ಧ್ವನಿಮುದ್ರಣದವರು ಊರಿಗೆ ಕಾಲಿಟ್ಟೊಡನೆ ಗಾಳಿಗೆ ಮರೆಯಾದ ಜಾಗ ಹುಡುಕುತ್ತಾರೆ. ಗೋಡೆಯ ಹಿಂದೆ ನಿಂತರೆ ಸಾಲದು, ಗೋಡೆಗೆ ಎಷ್ಟು ಹತ್ತಿರ ನಿಲ್ಲಬೇಕು ಎಂಬುದನ್ನೂ ಬಲ್ಲವರು ಅವರು. ಹಾಯಿಹಲಗೆಯವರು ಅದೇ ತಿಳಿವಳಿಕೆಯನ್ನು ತಿರುಗುಮುರುಗು ಮಾಡಿಕೊಂಡರೆ ಆಯಿತು. ಮೈಕಿನವರು ಬೇಡವೆಂದು ಬಿಟ್ಟ ಜಾಗ ಇವರಿಗೆ ಬೇಕಾದ ಜಾಗ.

ಕಟ್ಟೆ ಯಾವ ದಿಕ್ಕಿಗಿದೆ?

ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಕಲಬುರಗಿ ಜಿಲ್ಲೆಯಲ್ಲೂ ಹೈದರಾಬಾದಿನಲ್ಲೂ ಗಾಳಿ ಬಹುಮಟ್ಟಿಗೆ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಇದನ್ನು ಕೆರೆಯ ಕಟ್ಟೆಯ ಜೊತೆ ಇಟ್ಟು ನೋಡಬೇಕು. ಕೆರೆಗೆ ಕಟ್ಟೆ ಹಾಕುವುದು ನೀರು ಹರಿದುಹೋಗುವ ತಗ್ಗಿನ ಕಡೆಗೆ. ವಿಕಾರಾಬಾದಿನ ಅನಂತಗಿರಿ ಬೆಟ್ಟಗಳಿಂದ ಮೂಸಿ ನದಿ ಪೂರ್ವಕ್ಕೆ ಹೈದರಾಬಾದಿನತ್ತ ಹರಿಯುತ್ತದೆ. ಅದೇ ಬೆಟ್ಟಗಳ ಕಡೆಯಿಂದ ಹೊರಟ ಕಾಗಿಣಾ ಪಶ್ಚಿಮಕ್ಕೆ ತಿರುಗಿ ತಾಂಡೂರು, ಸೇಡಂ, ಮಳಖೇಡಗಳನ್ನು ದಾಟಿ ಭೀಮೆಯನ್ನು ಸೇರುತ್ತದೆ.

ಇದರಿಂದ ಆಗುವ ವ್ಯತ್ಯಾಸ ದೊಡ್ಡದು. ಮೂಸಿಯ ಸೀಮೆಗೆ ಸೇರಿದ ಹುಸೇನ್ ಸಾಗರದಲ್ಲಿ ಕಟ್ಟೆ, ಅಂದರೆ ಟ್ಯಾಂಕ್ ಬಂಡ್, ಪೂರ್ವದ ಕಡೆಗಿದೆ. ಮುಂಗಾರಿನ ಗಾಳಿ ಕೆರೆಯನ್ನು ಪೂರ್ತಿ ದಾಟಿ ಬಂದು ಕಟ್ಟೆಯ ಕಲ್ಲುಗಳಿಗೆ ಅಲೆಗಳನ್ನು ಬಡಿಯುತ್ತದೆ. ಕಟ್ಟೆಯ ಮೇಲೆ ನಿಂತವರ ಮುಖಕ್ಕೆ ಗಾಳಿ. ಪಶ್ಚಿಮಕ್ಕೆ ಹರಿಯುವ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಕೆರೆಯಲ್ಲಿ ಇದು ತಿರುವುಮುರುವು. ಅಲ್ಲಿ ಕಟ್ಟೆ ಪಶ್ಚಿಮಕ್ಕಿರುತ್ತದೆ, ಗಾಳಿ ಬೆನ್ನಿಗೆ ಬರುತ್ತದೆ. ಕಟ್ಟೆಯ ಮರೆಯಲ್ಲಿ ನೀರು ಕನ್ನಡಿಯಂತೆ ಶಾಂತ. ‘ಆಹಾ, ಕಲಿಯಲು ಎಂಥ ಜಾಗ’ ಎಂದು ಇಳಿದವರನ್ನು ಗಾಳಿ ಮೆಲ್ಲಗೆ ನಡುನೀರಿಗೆ ಒಯ್ಯುತ್ತದೆ. ಮುಂದೆ ಹೋದಷ್ಟೂ ಅದು ಬಲವಾಗುತ್ತದೆ. ಹಿಂದಿರುಗಬೇಕಾದರೆ ಗಾಳಿಗೆ ಎದುರಾಗಿ ಬರಬೇಕು. ಹೊಸಬರು ಸಿಕ್ಕಿಕೊಳ್ಳುವುದು ಹೀಗೆ. ದಡದಿಂದ ನೀರಿನ ಕಡೆಗೆ ಬೀಸುವ ಗಾಳಿಯೇ ಅವರ ದೊಡ್ಡ ಶತ್ರು, ಏಕೆಂದರೆ ಅದು ದಡದಲ್ಲಿ ಅತ್ಯಂತ ಸೌಮ್ಯವಾಗಿ ಕಾಣುತ್ತದೆ.

ಹಾಗಾದರೆ ಇಳಿಯುವುದು ಎಲ್ಲಿಂದ? ಗಾಳಿ ದಡಕ್ಕೆ ಅಡ್ಡಲಾಗಿ, ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಬೀಸುವ ಕಡೆಯಿಂದ. ಪಶ್ಚಿಮದ ಗಾಳಿಯಾದರೆ ಉತ್ತರ ಅಥವಾ ದಕ್ಷಿಣದ ದಡ. ಅಲ್ಲಿಂದ ನೇರವಾಗಿ ಹೋಗಿ, ಹಾಯಿ ತಿರುಗಿಸಿ, ಅದೇ ಗೆರೆಯಲ್ಲಿ ವಾಪಸು ಬರಬಹುದು. ಗಾಳಿ ಒಂದಿಷ್ಟು ದಡದ ಕಡೆಗೇ ಓರೆಯಾಗಿದ್ದರೆ ಇನ್ನೂ ಉತ್ತಮ. ಬಿದ್ದರೂ ನಿಧಾನವಾಗಿ ನೆಲಕ್ಕೇ ಬಂದು ಸೇರುತ್ತೀರಿ. ದಡ ಮಾತ್ರ ಇಳಿಜಾರಾಗಿ, ಕಾಲೂರಲು ಸಿಗುವಂತಿರಬೇಕು.

ಯಾವ ತಿಂಗಳು, ಯಾವ ಹೊತ್ತು?

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಗಾಳಿಯ ಕಾಲ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಪ್ರವಾಹ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಬಲವಾಗಿ ದಖ್ಖನ್ನನ್ನು ದಾಟುತ್ತದೆ. ಹಗಲಿನಲ್ಲಿ ನೆಲ ಕಾದಾಗ ಕೆಳಗಿನ ಬಿಸಿಗಾಳಿ ಮೇಲೇರಿ, ಮೇಲಿನ ವೇಗದ ಗಾಳಿ ಕೆಳಗಿಳಿಯುತ್ತದೆ. ರಾತ್ರಿ ನೆಲ ತಣ್ಣಗಾದರೆ ಈ ಕಲಕಾಟ ನಿಲ್ಲುತ್ತದೆ. ಬೆಳಗಿನ ಏಳು ಗಂಟೆಗೆ ಸುಮ್ಮನಿದ್ದ ಕೆರೆ ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಅಲೆಯಾಡುವುದು ಇದರಿಂದಲೇ. ಬೆಳಿಗ್ಗೆ ಬಂದು ‘ಇಲ್ಲಿ ಗಾಳಿಯೇ ಇಲ್ಲ’ ಎಂದು ತೀರ್ಮಾನಿಸಬೇಡಿ. ನವೆಂಬರಿನಿಂದ ಚಳಿಗಾಲದ ಗಾಳಿ ಪೂರ್ವ, ಈಶಾನ್ಯದಿಂದ, ಅದೂ ಹಗುರಾಗಿ. ಆಗ ಒಳ್ಳೆಯ ದಡ ಕೆಟ್ಟದಾಗಬಹುದು, ಕೆಟ್ಟದ್ದು ಒಳ್ಳೆಯದಾಗಬಹುದು.

ನಮ್ಮ ಸೀಮೆಯಲ್ಲಿ ಒಂದು ತೊಡಕಿದೆ. ಗಾಳಿ ಜೋರಾಗಿರುವ ಜೂನ್ ತಿಂಗಳಲ್ಲಿ ಕೆರೆ, ಜಲಾಶಯಗಳಲ್ಲಿ ನೀರು ತಳ ಕಂಡಿರುತ್ತದೆ. ಕೆಸರು, ಕಲ್ಲು, ಜಾಲಿಯ ಬೊಡ್ಡೆಗಳು ನೀರಿನ ಅಡಿಯಲ್ಲೇ ಇರುತ್ತವೆ. ನೀರು ತುಂಬುವ ಹೊತ್ತಿಗೆ ಗಾಳಿ ಇಳಿಮುಖ. ಎರಡೂ ಕೂಡಿಬರುವ ಕಾಲ ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗಿನ ಕೆಲವೇ ವಾರಗಳು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಗಾಳಿಯನ್ನು ಮಾತ್ರ ಯಾರೂ ನಂಬಬಾರದು. ಉರಿಬಿಸಿಲಿನ ಸಂಜೆ ಒಮ್ಮೆಗೇ ತಂಪುಗಾಳಿ ತಟ್ಟಿ, ಕರಿಮೋಡದ ಕೆಳಗೆ ದೂಳಿನ ಗೋಡೆ ಎದ್ದರೆ, ಕೆಲವೇ ನಿಮಿಷಗಳಲ್ಲಿ ವೇಗವೂ ದಿಕ್ಕೂ ಬದಲಾಗಲಿದೆ ಎಂದರ್ಥ. ವಿಶಾಲ ನೀರಿನ ಮೇಲೆ ಎಲ್ಲಕ್ಕಿಂತ ಎತ್ತರವಾಗಿ ನಿಂತ ಒದ್ದೆ ಕಂಬ ನಿಮ್ಮ ಕೈಯಲ್ಲೇ ಇರುತ್ತದೆ. ಗುಡುಗು ಕೇಳಿದ ತಕ್ಷಣ ದಡಕ್ಕೆ ಬರಬೇಕು, ಹಾಯಿಯನ್ನು ಮಲಗಿಸಬೇಕು.

ಹೈದರಾಬಾದಿಗೆ ಹೋದವರಿಗೆ

1563ರ ಸುಮಾರಿಗೆ ಕುತುಬ್ ಶಾಹಿ ಅರಸರ ಕಾಲದಲ್ಲಿ ಕಟ್ಟಿದ ಹುಸೇನ್ ಸಾಗರ ಇಂದು ನಡುನಗರದ ಕೆರೆ. ಸುತ್ತಲೂ ಕಟ್ಟಡಗಳು ಏರಿರುವುದರಿಂದ ಗಾಳಿ ಒಂದೇ ಸಮನಾಗಿ ಬರುವುದಿಲ್ಲ, ಆಗಾಗ ದಿಕ್ಕು ಬದಲಿಸುತ್ತದೆ. ಆದರೂ ಸಿಕಂದರಾಬಾದ್ ಸೇಲಿಂಗ್ ಕ್ಲಬ್ ಮತ್ತು ಸೈನ್ಯದ ಇ.ಎಂ.ಇ. ಸೇಲಿಂಗ್ ಅಸೋಸಿಯೇಷನ್ ಸೇರಿ ಹೈದರಾಬಾದ್ ಸೇಲಿಂಗ್ ವೀಕ್ ಎಂಬ ಸ್ಪರ್ಧೆಯನ್ನು ಮಳೆಗಾಲದಲ್ಲಿ ನಡೆಸುತ್ತಾ ಬಂದಿವೆ. ಯಾವುದೇ ಹೊಸ ಊರಿನಲ್ಲಿ ಇದೊಂದು ಒಳ್ಳೆಯ ಸುಳಿವು. ಅಲ್ಲಿನ ಕ್ಲಬ್ಬಿನವರು ಯಾವ ತಿಂಗಳಲ್ಲಿ ಸ್ಪರ್ಧೆ ಇಡುತ್ತಾರೋ ಅದೇ ಆ ಊರಿನ ಗಾಳಿಯ ಪಂಚಾಂಗ. 2009ರಲ್ಲಿ ಆರಂಭವಾದ ಯಾಟ್ ಕ್ಲಬ್ ಆಫ್ ಹೈದರಾಬಾದ್ ಬಡ ಕುಟುಂಬಗಳ ಮಕ್ಕಳಿಗೂ ಹಾಯಿದೋಣಿ ಕಲಿಸಿ ಹೆಸರು ಮಾಡಿದೆ. ಮೊದಲು ಇಂಥ ಕಡೆ ಹಾಯಿಯ ಪಾಠ ಕಲಿತರೆ, ಹಲಗೆ ಹತ್ತುವುದು ಸುಲಭ.

ಹುಸೇನ್ ಸಾಗರದ ನೀರಿಗೆ ದಶಕಗಳಿಂದ ನಗರದ ಕೊಳಚೆ ಸೇರಿದೆ ಎಂಬುದನ್ನು ಮರೆಯುವಂತಿಲ್ಲ. ಕೈಕಾಲಿಗೆ ಗಾಯವಿದ್ದರೆ ಇಳಿಯಬಾರದು. ಬಾಯಿಗೆ ನೀರು ಹೋಗದಂತೆ ನೋಡಿಕೊಂಡು, ಮೇಲೆ ಬಂದೊಡನೆ ಸ್ನಾನ ಮಾಡಬೇಕು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಇದಕ್ಕಿಂತ ವಿಶಾಲ, ತಿಳಿನೀರಿನವು ಎಂದು ಆಸೆಯಾಗಬಹುದು. 1908ರ ಮೂಸಿ ಪ್ರವಾಹದ ನಂತರ, 1920 ಮತ್ತು 1927ರಲ್ಲಿ ಅವನ್ನು ಕಟ್ಟಿ ಮುಗಿಸಿದ್ದು ನೆರೆ ತಡೆಯಲು, ನಗರಕ್ಕೆ ಕುಡಿಯುವ ನೀರು ಕೊಡಲು. ಅವುಗಳನ್ನು ಆಟದ ಕೆರೆಗಳ ಲೆಕ್ಕಕ್ಕೆ ಸೇರಿಸಬಾರದು.

ಊರಿನ ನೀರು

ಈಗ ನಮ್ಮ ಊರುಗಳಿಗೆ ಬರೋಣ. ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯ ನೋಡಲು ಬಲು ಸುಂದರ. ಆದರೆ ಸುತ್ತ ಕಾಡು, ಗುಡ್ಡ. ಇಪ್ಪತ್ತು ಪಟ್ಟಿನ ಲೆಕ್ಕ ಹಾಕಿದರೆ ಗುಡ್ಡದ ಮಗ್ಗುಲಿನ ನೀರಿನಲ್ಲಿ ಗಾಳಿ ಸುಳಿಯಾಗಿಯೇ ಇರುತ್ತದೆ. ಅದು ಚಿಂಚೋಳಿ ವನ್ಯಜೀವಿ ಧಾಮದ ಭಾಗವೂ ಹೌದು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ನೀರಿಗಿಳಿಯುವಂತಿಲ್ಲ. ಹೇರೂರಿನ ಬಳಿಯ ಬೆಣ್ಣೆತೊರಾದಂಥ ನೀರಾವರಿ ಜಲಾಶಯಗಳು ಹೊಲಗಳ ನಡುವೆ ಹರಡಿಕೊಂಡಿರುವುದರಿಂದ ಗಾಳಿಯ ಹಾದಿ ಹೆಚ್ಚು ತೆರೆದಿರುತ್ತದೆ. ಅಲ್ಲಿಯೂ ಅಧಿಕಾರಿಗಳ ಒಪ್ಪಿಗೆ ಬೇಕು. ತೂಬು, ಕೋಡಿ, ಗೇಟುಗಳ ಹತ್ತಿರ ಸುಳಿಯಬಾರದು. ಮೀನುಗಾರರ ಬಲೆ ಎಲ್ಲಿದೆ ಎಂದು ಅವರನ್ನೇ ಕೇಳಿ ತಿಳಿಯಬೇಕು. ಹಲಗೆಯ ಅಡಿಪಟ್ಟಿ ಬಲೆಗೆ ಸಿಕ್ಕರೆ ಅವರಿಗೂ ನಷ್ಟ, ನಿಮಗೂ ಅಪಾಯ.

ಇನ್ನು ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ಕಲ್ಲಿನ ಗಣಿಗಳು. ಈ ಲೇಖನ ಬರೆಯಲು ಅವೇ ಮುಖ್ಯ ಕಾರಣ. ಕೆಲಸ ನಿಂತ ಗಣಿಯಲ್ಲಿ ನೀರು ತುಂಬಿ, ತಿಳಿಯಾಗಿ, ನೀಲಿಯಾಗಿ ನಿಂತಿರುತ್ತದೆ. ಊರಿಗೆ ಹತ್ತಿರ. ಕೇಳುವವರಿಲ್ಲ. ನಗರದಲ್ಲಿ ಹಾಯಿ ನೋಡಿ ಬಂದ ಹುಡುಗನ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ.

ಇಲ್ಲಿಯವರೆಗೆ ಹೇಳಿದ ಅಳತೆಗಳನ್ನು ಅದಕ್ಕೆ ಹಚ್ಚಿ ನೋಡಿ. ಶಹಾಬಾದ್ ಕಲ್ಲು ಪದರ ಪದರವಾಗಿ ಮಟ್ಟಸವಾಗಿ ಮಲಗಿರುವ ಸುಣ್ಣಕಲ್ಲು. ಪದರ ಎಬ್ಬಿಸುತ್ತಾ ಹೋದಂತೆ ಅಂಚುಗಳು ಗೋಡೆಯಂತೆ ನೆಟ್ಟಗೆ ಉಳಿಯುತ್ತವೆ. ನೀರಿನಿಂದ ಮೇಲಕ್ಕೆ 10 ಮೀಟರ್ ಗೋಡೆ, 100 ಮೀಟರ್ ಅಗಲದ ಗಣಿ ಎಂದುಕೊಳ್ಳಿ. ಗೋಡೆಯ ಮರೆ 200 ಮೀಟರ್. ಅಂದರೆ ಇಡೀ ಗಣಿಯಲ್ಲಿ ಒಂದು ಚಾಚು ನೀರಿಗೂ ಒಳ್ಳೆಯ ಗಾಳಿ ಇಲ್ಲ, ಬರೀ ಸುಳಿ. ಹಾಯಿಗೆ ಬೇಕಾದದ್ದು ಅಲ್ಲಿಲ್ಲ. ಇರಬಾರದ್ದೆಲ್ಲ ಇದೆ. ಇಳಿಜಾರು ದಡವಿಲ್ಲ, ಅಂಚಿನಿಂದ ಒಂದು ಹೆಜ್ಜೆ ಇಟ್ಟರೆ ಆಳ. ಮೇಲಿನ ನೀರು ಬೆಚ್ಚಗಿದ್ದರೂ ಕೆಳಗಿನದು ಕೊರೆಯುವ ತಣ್ಣಗೆ. ಪಾಚಿಗಟ್ಟಿದ ಕಲ್ಲಿನ ಗೋಡೆಗೆ ಕೈ ಹತ್ತದು. ನೀರಿನಡಿ ಮುರಿದ ಕಲ್ಲುಗಳ ಚೂಪು. ಈಜಲು ಹೋದ ಮಕ್ಕಳು ಇಂಥ ಹೊಂಡಗಳಲ್ಲಿ ಮುಳುಗಿದ ಸುದ್ದಿಯನ್ನು ಬೇಸಿಗೆ ರಜೆಯಲ್ಲಿ ಮತ್ತೆ ಮತ್ತೆ ಓದುತ್ತೇವೆ. ಈಜು ಚೆನ್ನಾಗಿ ಬಲ್ಲವರೂ ಅವರಲ್ಲಿರುತ್ತಾರೆ. ಅವರಿಗೆ ಹೊರಬರಲು ದಾರಿಯೇ ಸಿಗುವುದಿಲ್ಲ. ಗಣಿಯ ನೀರು ಹಾಯಿಗೂ ಅಲ್ಲ, ಈಜಿಗೂ ಅಲ್ಲ. ಮನೆಯ ಹಿರಿಯರು ಇದನ್ನು ಮಕ್ಕಳಿಗೆ ಬರೀ ಬೈದು ಹೇಳದೆ, ಕಾರಣ ಸಹಿತ ಹೇಳಿದರೆ ಹೆಚ್ಚು ನಾಟುತ್ತದೆ.

ನೀರಿಗಿಳಿಯುವ ಮುನ್ನ

ಹೊಸ ಕೆರೆಗೆ ಮೊದಲ ಸಲ ಹೋದಾಗ ಹಲಗೆ ಒಯ್ಯಬೇಡಿ. ಒಂದು ಕೋಲು, ಒಂದು ಗೇಣು ರಿಬ್ಬನ್ ಸಾಕು. ಮಧ್ಯಾಹ್ನದ ಹೊತ್ತು ಕೆರೆಯ ಸುತ್ತ ನಡೆಯುತ್ತಾ, ನಾಲ್ಕೈದು ಕಡೆ ಕೋಲನ್ನು ಎತ್ತಿ ಹಿಡಿದು, ಪ್ರತಿಯೊಂದು ಕಡೆಯೂ ಐದು ನಿಮಿಷ ನೋಡಿ. ರಿಬ್ಬನ್ ಒಂದೇ ಕಡೆ ನೆಟ್ಟಗೆ ನಿಂತರೆ ಗಾಳಿಯ ಹಾದಿ ತೆರೆದಿದೆ. ಹಾವಿನಂತೆ ಹೊರಳಾಡಿದರೆ ಯಾವುದೋ ಅಡ್ಡಿ ಇದೆ. ಅದು ಯಾವುದೆಂದು ಹುಡುಕಿ. ನೀರಿನ ಮೇಲೆ ಕಪ್ಪಾಗಿ ಓಡುವ ತರೆಗಳನ್ನು ಗಮನಿಸಿ, ಅವು ಗಾಳಿಯ ಹೆಜ್ಜೆಗಳು. ಆಮೇಲೆ ಎಲ್ಲಿ ಇಳಿಯುತ್ತೀರಿ, ಹಾಯಿ ಕೈತಪ್ಪಿದರೆ ಗಾಳಿ ನಿಮ್ಮನ್ನು ಯಾವ ದಡಕ್ಕೆ ಒಯ್ಯುತ್ತದೆ, ಆ ದಡದಲ್ಲಿ ಹತ್ತಲು ಜಾಗವಿದೆಯೇ ಎಂದು ನಿಮಗೆ ನೀವೇ ಕೇಳಿಕೊಳ್ಳಿ. ಮೂರಕ್ಕೂ ಉತ್ತರ ಸಿಕ್ಕ ಮೇಲೆ ಉಳಿದ ಮಾತು.

ಈಜು ಬಲ್ಲವರೂ ತೇಲಂಗಿ ತೊಡಲೇಬೇಕು. ಒಬ್ಬರೇ ಹೋಗಬಾರದು. ದಡದಲ್ಲಿ ಹಗ್ಗ ಹಿಡಿದು ಒಬ್ಬರು ಕಾಯಬೇಕು. ಹಲಗೆಯಿಂದ ಬಿದ್ದರೆ ಅದನ್ನು ಬಿಟ್ಟು ಈಜಲು ಹೋಗಬೇಡಿ. ಅದು ತೇಲುತ್ತದೆ, ಅದನ್ನೇ ಅಪ್ಪಿ ಹಿಡಿಯಿರಿ. ಕರ್ನಾಟಕದಲ್ಲೇ ಜಲಸಾಹಸ ಕಲಿಯಬೇಕೆನ್ನುವವರು ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯನ್ನು ವಿಚಾರಿಸಬಹುದು.

ಕೋಲು, ರಿಬ್ಬನ್ನಿನ ಈ ಪರೀಕ್ಷೆಗೆ ಹೈದರಾಬಾದಿಗೇ ಹೋಗಬೇಕೆಂದಿಲ್ಲ. ಮುಂದಿನ ಮಳೆಗಾಲದ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ನಿಮ್ಮೂರ ಕೆರೆಯ ಏರಿಯ ಮೇಲೆ ಹೋಗಿ ಮಾಡಿ ನೋಡಿ. ಜೊತೆಗೆ ಕಣ ಮಾಡಿ ಬಲ್ಲ ಹಿರಿಯರೊಬ್ಬರಿದ್ದರೆ ಒಳ್ಳೆಯದು. ರಿಬ್ಬನ್ ಹೇಳುವ ಮೊದಲೇ ಗಾಳಿ ಎತ್ತ ಕಡೆಯದೆಂದು ಅವರು ಹೇಳಿಬಿಡುತ್ತಾರೆ.